ಹಸಿರು ದಾರದ ಹೀರೇಕಾಯಿ

ಮನೆ ಬದಲಾಯಿಸುವಾಗ ಜನ ಏನೇನೋ ಹೊತ್ತುಕೊಂಡು ಬರುತ್ತಾರೆ. ಕಾಲು ಮುರಿದ ಸ್ಟೂಲು ತರುತ್ತಾರೆ, ಮುಚ್ಚಳ ಕಳೆದ ಡಬ್ಬಿ ತರುತ್ತಾರೆ, ಯಾವ ಬೀಗದ್ದು ಅಂತ ದೇವರಿಗೂ ಗೊತ್ತಿಲ್ಲದ ಬೀಗದ ಕೈ ತರುತ್ತಾರೆ. ನಮ್ಮ ಕಂಡಕ್ಟರು ಮಣ್ಣು ತಂದರು. ಹೌದು ಸ್ವಾಮಿ, ಮಣ್ಣು! ಎರಡು ಚೀಲ. ಲಾರಿಯಲ್ಲಿ ಜಾಗ ಸಾಲದೆ ಬಟ್ಟೆ ಬೀರುವನ್ನೇ ಬಿಟ್ಟು ಬಂದ ಪುಣ್ಯಾತ್ಮ, ಆ ಎರಡು ಚೀಲಗಳನ್ನು ಮಾತ್ರ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿಸಿ, ತಾನು ಹಿಂದೆ ಪಾತ್ರೆಗಳ ಮಧ್ಯೆ ಮುದುರಿಕೊಂಡು ಬಂದರು.

"ಬೀರು ಇಲ್ದೆ ಬಟ್ಟೆ ಎಲ್ಲಿಡ್ಲಿ ರೀ?" ಅಂತ ಹೆಂಡತಿ ಕೇಳಿದರೆ, "ಹಗ್ಗ ಕಟ್ಟಿ ನೇತಾಕು. ಬೀರು ಯಾವ ಅಂಗಡೀಲಾದ್ರೂ ಸಿಗುತ್ತೆ. ನಮ್ಮ ಮಣ್ಣು ಸಿಗುತ್ತಾ?" ಅಂದರು. ಇಂಥವರ ಹತ್ತಿರ ಏನು ವಾದ ಮಾಡೋದು? ಹಗ್ಗ ಕಟ್ಟಿದರು, ಬಟ್ಟೆ ನೇತಾಡಿತು.

ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರ್ ಆದ ಮನುಷ್ಯ. ಕೆಲಸ ಬಿಟ್ಟರೂ ಬಾಯಿ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ. ಊಟಕ್ಕೆ ಕೂತರೆ ಸಾಕು ಅನ್ನುವುದಕ್ಕೆ "ಹೋಲ್ಡಾನ್", ಇನ್ನಷ್ಟು ಬಡಿಸು ಅನ್ನುವುದಕ್ಕೆ "ರೈಟ್ ರೈಟ್". ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತವರಿಗೂ "ಮುಂದೆ ಹೋಗ್ರಮ್ಮ, ಮುಂದೆ ಜಾಗ ಇದೆ" ಅನ್ನೋರು. ಹೆಂಡತಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವರು. ಎಲ್ಲರೂ ಕರೆಯುತ್ತಿದ್ದದ್ದು ಟೈಲರಮ್ಮ ಅಂತ. ಆಕೆ ಮಾತಾಡುವುದು ಕಡಿಮೆ, ಗಂಡನಿಗೆ ಬಾಯಿ ಕೊಟ್ಟು ದೇವರು ಆಕೆಗೆ ಕಣ್ಣು ಕೊಟ್ಟಿದ್ದ. ಎದುರಿಗೆ ನಿಂತವರ ಭುಜದ ಅಳತೆಯನ್ನು ಟೇಪು ಹಿಡಿಯುವ ಮೊದಲೇ ಹೇಳಿಬಿಡುತ್ತಿದ್ದರು.

ಊರು ಬಿಟ್ಟದ್ದು ಟೈಲರಮ್ಮನ ಉಸಿರಿಗಾಗಿ. ಅಲ್ಲಿ ವರ್ಷದಲ್ಲಿ ಅರ್ಧ ಭಾಗ ಮಳೆ, ಉಳಿದರ್ಧ ಮಂಜು. ಗೋಡೆ ಮೇಲೆ ಪಾಚಿ, ಚಪ್ಪಲಿ ಮೇಲೆ ಬೂಷ್ಟು, ಒಗೆದ ಬಟ್ಟೆ ಒಣಗುವ ಹೊತ್ತಿಗೆ ಮತ್ತೆ ಒಗೆಯುವ ಹಾಗಾಗಿರುತ್ತಿತ್ತು. ಆಕೆಯ ಎದೆಯೊಳಗೆ ಸದಾ ಒಂದು ಸಿಳ್ಳೆ. ಕೊನೆಕೊನೆಗೆ ಮಲಗುವುದು ಬಿಟ್ಟು ಬೆನ್ನಿಗೆ ದಿಂಬುಗಳನ್ನು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: "ಔಷಧಿ ನಾನು ಕೊಡ್ತೀನಿ. ಗಾಳಿ ನೀವು ಬದಲಾಯಿಸ್ಬೇಕು. ಈ ಶೀತದಲ್ಲೇ ಇದ್ರೆ ಇನ್ನೆರಡು ಮಳೆಗಾಲ ಕಳೆಯೋದು ಕಷ್ಟ." ಅವತ್ತು ಕಂಡಕ್ಟರು ಮನೆಗೆ ಬಂದು, ಹಿತ್ತಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು, "ಸಾಮಾನು ಕಟ್ಟೋಣ ಕಣೇ" ಅಂದರು. ಅಷ್ಟೇ. ಬೇರೆ ವಿಷಯಕ್ಕೆ ಎಷ್ಟು ಬೇಕಾದರೂ ಬೈಯಿರಿ, ಈ ವಿಷಯಕ್ಕೆ ಆ ಮನುಷ್ಯನನ್ನು ಮೆಚ್ಚಲೇಬೇಕು. ಯಾಕೆಂದರೆ ಆ ಹಿತ್ತಲು ಅಂದರೆ ಅವರಿಗೆ ಪ್ರಾಣ.

ಎಂಥಾ ಹಿತ್ತಲು ಅದು! ಕೆಂಪು ಮಣ್ಣು, ಹುಯ್ದ ನೀರು ಹುಯ್ದ ಹಾಗೇ ಇಳಿದುಹೋಗುತ್ತಿತ್ತು. ಮಳೆಗೆ ಬೇರು ಕೊಳೆಯದ ಹಾಗೆ ಮಣ್ಣನ್ನು ದಿಬ್ಬ ಮಾಡಿ ಅದರ ನೆತ್ತಿಯ ಮೇಲೆ ಗಿಡ ನೆಡಬೇಕು, ಬುಡಕ್ಕೆ ಕೊಳೆತ ಎಲೆ, ಮೇಲೊಂದು ಹಿಡಿ ಒಲೆ ಬೂದಿ. ಇಷ್ಟೇ ಅವರ ವಿದ್ಯೆ. ಹೀರೆ, ಹಾಗಲ, ಬೆಂಡೆ, ಬದನೆ ಎಲ್ಲ ಹುಚ್ಚೆದ್ದು ಬರುತ್ತಿದ್ದವು. ಡ್ಯೂಟಿಗೆ ಹೋಗುವಾಗ ಕಂಡಕ್ಟರ ಕೈಯಲ್ಲಿ ಟಿಕೆಟ್ ಚೀಲದ ಜೊತೆ ತರಕಾರಿ ಚೀಲವೂ ಇರುತ್ತಿತ್ತು, ಡಿಪೋದ ಅರ್ಧ ಜನ ಅವರ ಹೀರೇಕಾಯಿ ತಿಂದೇ ಬೆಳೆದವರು.

ಒಂದೇ ಒಂದು ಕೊರಗು. ಹೆಂಡತಿ ಆ ತೋಟಕ್ಕೆ ಕಾಲಿಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾಲ್ಕಾರು ಸಲ ಬಂದಿದ್ದರೋ ಏನೋ. ಆಮೇಲೆ ಜಪ್ಪಯ್ಯ ಅಂದರೂ ಇಲ್ಲ. "ಕೆಸರು ಅಂದ್ರೆ ನಂಗಾಗಲ್ಲ ರೀ, ಬಟ್ಟೆ ಮುಟ್ಟೋ ಕೈ ಇದು" ಅಂತ ಹಿಂಬಾಗಿಲಲ್ಲೇ ನಿಂತು ಬುಟ್ಟಿ ಇಸಿದುಕೊಳ್ಳುತ್ತಿದ್ದರು. "ಬಂದ್ರು ನೋಡಪ್ಪ ಮಹಾರಾಣಿ, ಕಾಲಿಗೆ ಮಣ್ಣು ತಾಗಿದ್ರೆ ಕಿರೀಟ ಬಿದ್ದೋಗುತ್ತೆ" ಅಂತ ಕಂಡಕ್ಟರು ಛೇಡಿಸುವರು. ಬಾಯಲ್ಲಿ ನಗು, ಒಳಗೆ ಮಾತ್ರ ಬೇಜಾರು. ಊರೆಲ್ಲ ಬಂದು ನೋಡಿ ಹೊಗಳುವ ತೋಟವನ್ನು ಕಟ್ಟಿಕೊಂಡವಳು ಬಂದು ನೋಡಲಿಲ್ಲವಲ್ಲ ಅಂತ ಅವರಿಗೆ ನಿಜವಾಗಿಯೂ ನೋವಿತ್ತು. ಹೇಳಿಕೊಂಡಿರಲಿಲ್ಲ ಅಷ್ಟೇ.

ಹೊಸ ಊರು ಬಟ್ಟಬಯಲು. ಆಕಾಶ ದೊಡ್ಡದು, ಮರ ಕಡಿಮೆ, ಗಾಳಿಗೆ ಕೆಲಸವೇ ಇಲ್ಲದವರ ಹಾಗೆ ದಿನವಿಡೀ ಓಡಾಟ. ಸಾಲುಮನೆಗಳಲ್ಲಿ ಕೊನೆಯ ಮನೆ. ಮುಂದೆ ರಸ್ತೆ, ರಸ್ತೆಯ ಆ ತುದಿಗೆ ಬೇಕರಿ, ಈ ತುದಿಗೆ ತರಕಾರಿ ಅಂಗಡಿ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಹಿತ್ತಲು. ಕೊನೆಯ ಮನೆಯಾದ್ದರಿಂದ ಹಿತ್ತಲು ದೊಡ್ಡದು, ಕಂಡಕ್ಟರು ಈ ಮನೆ ಒಪ್ಪಿದ್ದೇ ಅದಕ್ಕೆ.

ಟೈಲರಮ್ಮನಿಗಂತೂ ಆ ಗಾಳಿ ಅಮೃತವಾಯಿತು. ದಿಂಬುಗಳು ಒಂದೊಂದಾಗಿ ಬೆನ್ನಿನಿಂದ ಕೆಳಗಿಳಿದವು. ಒಂದು ಬೆಳಿಗ್ಗೆ ಕಂಡಕ್ಟರು ಎದ್ದು ನೋಡಿದರೆ ಹೆಂಡತಿ ಮಗುವಿನ ಹಾಗೆ ಮಗ್ಗುಲಾಗಿ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಾರೆ. ಎದೆಯಲ್ಲಿ ಸಿಳ್ಳೆ ಇಲ್ಲ. ಅವರಿಗೆ ಗಾಬರಿಯಾಗಿ ಮೂಗಿನ ಹತ್ತಿರ ಕೈಯಿಟ್ಟು ನೋಡಿದರಂತೆ! ಉಸಿರು ಸದ್ದಿಲ್ಲದೆ ಬರುತ್ತಿತ್ತು, ಹೋಗುತ್ತಿತ್ತು. ಆ ಮನುಷ್ಯ ಅಡುಗೆಮನೆಗೆ ಹೋಗಿ, ಟೀ ಇಡುವ ನೆಪದಲ್ಲಿ, ಕಣ್ಣು ಒರೆಸಿಕೊಂಡರು.

ಆದರೆ ಮಣ್ಣು! ಅಯ್ಯೋ, ಆ ಮಣ್ಣಿನ ಕಥೆ ಕೇಳಬೇಡಿ. ಕಪ್ಪು ಜೇಡಿ. ಒದ್ದೆಯಾದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ, ಒಣಗಿದರೆ ಸೌಟು ಬಿದ್ದು ಹೋಗುವಷ್ಟು ಬಿರುಕು. ಗುದ್ದಲಿ ಹಾಕಿದರೆ ಟಣ್ ಅನ್ನುತ್ತದೆ. ಕಂಡಕ್ಟರು ಹೆದರುವ ಜಾತಿಯಲ್ಲ. ಅಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಇಲ್ಲೂ ಮಾಡಿದರು. ಹೆಂಟೆ ಒಡೆದು ದಿಬ್ಬ ಕಟ್ಟಿದರು. ದಿಬ್ಬದ ನೆತ್ತಿಗೆ ಊರಿನ ಮಣ್ಣಿನ ಮೊದಲ ಚೀಲ ಸುರಿದರು. ಎರಡನೇ ಚೀಲವನ್ನು ಹಿತ್ತಲಿನ ಮೂಲೆಯಲ್ಲಿ, ಗೋಡೆಯ ನೆರಳಲ್ಲಿ, ಪ್ಲಾಸ್ಟಿಕ್ ಸುತ್ತಿ ಆಪತ್ತಿಗೆ ಇರಲಿ ಅಂತ ಇಟ್ಟುಕೊಂಡು, "ಜೀವ ಹೋಗಬಾರದು" ಅಂತ ಆಗಾಗ ನೀರು ಚಿಮುಕಿಸುತ್ತಿದ್ದರು. ಬೇಕರಿಯವನನ್ನು ಮಾತಾಡಿಸಿ ಅವನ ಒಲೆಯ ಬೂದಿಯನ್ನು ಬಕೆಟ್ಟುಗಟ್ಟಲೆ ತಂದರು.

ತರಕಾರಿ ಅಂಗಡಿಯ ಹೆಂಗಸು ನೋಡಿ ಹೇಳಿದ್ದರು. "ಅಣ್ಣ, ಇಲ್ಲಿ ಹಂಗೆ ಎತ್ತರಿಸಿ ಹಾಕಿದ್ರೆ ಗಾಳಿ ತಿಂದಾಕುತ್ತೆ."

"ನೋಡ್ತಾ ಇರಮ್ಮ," ಅಂದರು ಕಂಡಕ್ಟರು ಎದೆಯುಬ್ಬಿಸಿ, "ಇನ್ನೆರಡು ತಿಂಗಳಲ್ಲಿ ನಿನ್ನ ಅಂಗಡಿಗೆ ನಾನೇ ಸಪ್ಲೈ ಮಾಡ್ತೀನಿ."

ದಿಬ್ಬದ ಮೇಲಿನ ಊರಿನ ಮಣ್ಣು ಒಣಗಿ ಪುಡಿಯಾಗಿ ಗಾಳಿಗೆ ಹಾರಿ ಪಕ್ಕದ ಮನೆಯವರ ಬಟ್ಟೆಯ ಮೇಲೆ ಕೂತಿತು. ಹುಯ್ದ ನೀರು ದಿಬ್ಬದ ಪಕ್ಕೆಯಿಂದ ಜಾರಿ ಕೆಳಗೆ ಹೋಯಿತು. ಬೆಂಡೆ ಮೊಳೆತು, ಎರಡೆಲೆ ಬಿಟ್ಟು, ತನಗೆ ಇಲ್ಲಿ ಕೆಲಸವಿಲ್ಲ ಅಂತ ಹೊರಟುಹೋಯಿತು. ಬದನೆಯ ಎಲೆ ಹಳದಿಯಾಯಿತು. ಎಲೆ ಹಳದಿಯಾದರೆ ಊರಿನಲ್ಲಿ ಏನು ಮಾಡುತ್ತಿದ್ದರು? ಬೂದಿ ಹಾಕುತ್ತಿದ್ದರು. ಇಲ್ಲೂ ಹಾಕಿದರು. ಇನ್ನೂ ಹಳದಿಯಾಯಿತು. ಇನ್ನೂ ಬೂದಿ ಹಾಕಿದರು. ಹೀರೇ ಬಳ್ಳಿ ಒಂದು ಮಾತ್ರ ಹೇಗೋ ಏದುಸಿರು ಬಿಡುತ್ತಾ ಚಪ್ಪರ ಹತ್ತಿತು. ಹೂ ಬಿಟ್ಟಿತು. ಬಿಸಿಗಾಳಿಗೆ ಹೂವೆಲ್ಲ ಉದುರಿತು.

ಕಂಡಕ್ಟರ ಬಾಯಿಗೆ ಬೀಗ ಬಿತ್ತು. ಊಟದಲ್ಲಿ ಹೋಲ್ಡಾನೂ ಇಲ್ಲ, ರೈಟ್ ರೈಟೂ ಇಲ್ಲ. ಬಡಿಸಿದ್ದನ್ನು ತಿನ್ನುವುದು, ಎದ್ದು ಹೋಗಿ ಹಿತ್ತಲಿನ ಮೆಟ್ಟಿಲ ಮೇಲೆ ಕೂರುವುದು. ಟೈಲರಮ್ಮ ಮಿಷನ್ ತುಳಿಯುತ್ತಾ ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಕಣ್ಣು ಗಂಡನ ಬೆನ್ನಿನ ಮೇಲೆ ಇಟ್ಟಿದ್ದರು. ಅಂಗಿ ಬೆನ್ನಿನಲ್ಲಿ ಸಡಿಲವಾಗುತ್ತಿರುವುದು ಬೇರೆ ಯಾರಿಗೂ ಕಾಣದಿದ್ದರೂ ಆಕೆಗೆ ಕಾಣುತ್ತಿತ್ತು.

ಅಷ್ಟರಲ್ಲಿ ಊರಿನಿಂದ ಟೈಲರಮ್ಮನ ತಮ್ಮ ಫೋನ್ ಮಾಡಿದ. ಹಳೇ ಮನೆಯಲ್ಲಿದ್ದ ಬಾಡಿಗೆಯವರು ಬಿಡುತ್ತಿದ್ದಾರೆ, ಬೇರೆಯವರು ಕೇಳುತ್ತಿದ್ದಾರೆ, ಅವರಿಗೆ ಕೊಡಲಾ ಅಂತ ಕೇಳಿದ. "ಸ್ವಲ್ಪ ದಿನ ತಡಿ" ಅಂದು ಟೈಲರಮ್ಮ ಫೋನ್ ಇಟ್ಟರು. ಮಿಷನ್ ಪಕ್ಕಕ್ಕೆ ಸರಿಸಿ ಗಂಡನ ಪಕ್ಕ ಬಂದು ಮೆಟ್ಟಿಲ ಮೇಲೆ ಕೂತರು.

"ರೀ, ವಾಪಸ್ ಹೋಗೋಣ."

"ಎಲ್ಲಿಗೆ?"

"ಇನ್ನೆಲ್ಲಿಗೆ? ನಮ್ಮ ಮನೆಗೆ. ಅಲ್ಲಿ ನಿಮ್ಮ ಹಿತ್ತಲು ಹಾಗೇ ಇದೆಯಂತೆ."

"ತಲೆ ಕೆಟ್ಟಿದೆಯಾ ನಿಂಗೆ? ಡಾಕ್ಟ್ರು ಏನಂದ್ರು ಮರ್ತೋಯ್ತಾ?"

"ಡಾಕ್ಟ್ರು ನನ್ನ ಎದೆ ನೋಡಿದ್ರು. ನಿಮ್ಮ ಮುಖ ನೋಡಿರ್ಲಿಲ್ಲ. ನಾನೊಬ್ಳು ಉಸಿರಾಡೋದಕ್ಕೆ ನೀವು ಹೀಗೆ ಬಾಡಿ ಹೋಗ್ಬೇಕಾ? ಅಂಥ ಉಸಿರು ನಂಗೆ ಬೇಡ."

ಕಮ್ಮಿ ಮಾತಾಡುವವರ ಮಾತಿಗೆ ಅದೊಂದು ಗುಣ, ಆಡಿದರೆ ಆಡಿದ್ದೇ. ಆಕೆ ಹೊರಡುತ್ತೇನೆ ಅಂದರೆ ಹೊರಟೇಬಿಡುತ್ತಾಳೆ, ಎರಡು ಮಳೆಗಾಲದ ಲೆಕ್ಕ ಕಂಡಕ್ಟರ ಕಣ್ಣ ಮುಂದೆ ಬಂದು ನಿಂತಿತು. "ಯಾರೇ ಹೇಳಿದ್ದು ತೋಟ ಬರಲ್ಲ ಅಂತ? ಬರುತ್ತೆ! ಹೊಸ ಮಣ್ಣು, ಸ್ವಲ್ಪ ನಖರಾ ಮಾಡ್ತಿದೆ, ಅಷ್ಟೇ. ಈ ತಿಂಗಳು ಕಳೀಲಿ, ನೋಡು ಬೇಕಾದ್ರೆ!"

"ಸರಿ. ತಿಂಗಳು ಮುಗಿಯೋದ್ರೊಳಗೆ ತೋಟ ಬಂದ್ರೆ ಇಲ್ಲೇ ಇರೋಣ. ಬರ್ಲಿಲ್ವಾ, ತಮ್ಮನಿಗೆ ಹೇಳ್ತೀನಿ, ಮನೆ ನಮಗೇ ಇಟ್ಟಿರು ಅಂತ. ಮಾತಂದ್ರೆ ಮಾತು."

ಈಗ ಹೇಳಿ, ಬಯಲುಗಾಳಿಗೆ ಹೂ ಉದುರಿಸುತ್ತಿರುವ ಒಂದೇ ಒಂದು ಹೀರೇ ಬಳ್ಳಿಯ ಮೇಲೆ ಹೆಂಡತಿಯ ಜೀವ ತೂಗುಹಾಕಿಕೊಂಡ ಗಂಡಸು ಏನು ಮಾಡಬೇಕು? ತಿಳಿದವರಾದರೆ ನಾಲ್ಕು ಜನರನ್ನು ಕೇಳುತ್ತಿದ್ದರು. ನಮ್ಮ ಕಂಡಕ್ಟರು ತರಕಾರಿ ಅಂಗಡಿಗೆ ಹೋದರು.

"ಒಂದು ಹೀರೇಕಾಯಿ ಕೊಡಮ್ಮ."

"ಒಂದು ಕೇಜಿನಾ ಅಣ್ಣ?"

"ಅಲ್ಲ, ಒಂದು. ಒಂದೇ ಒಂದು. ಎಳೇದಿರ್ಲಿ. ತೊಟ್ಟು ಉದ್ದ ಇರ್ಬೇಕು."

"ತೊಟ್ಟು ಬೇಯ್ಸ್ತೀರಾ ಅಣ್ಣ?"

"ನಿಂಗ್ಯಾಕಮ್ಮ ಅದೆಲ್ಲ?" ಅಂದರು. ಸಪ್ಲೈ ಮಾಡುತ್ತೇನೆ ಅಂದಿದ್ದ ಬಾಯಿ ಅದೇ. ಕಾಯಿಯನ್ನು ಅಂಗಿಯೊಳಗೆ ತೂರಿಸಿಕೊಂಡು, ಕಳ್ಳ ಬೆಕ್ಕಿನ ಹಾಗೆ ಪಕ್ಕದ ಸಂದಿಯಿಂದ ಹಿತ್ತಲಿಗೆ ನುಗ್ಗಿ, ಹೆಂಡತಿಯ ಹೊಲಿಗೆ ಡಬ್ಬಿಯಿಂದ ಮೊದಲೇ ಎಗರಿಸಿಟ್ಟಿದ್ದ ಹಸಿರು ದಾರದಲ್ಲಿ ಅದನ್ನು ಬಳ್ಳಿಗೆ ಕಟ್ಟಿದರು. ತೊಟ್ಟು ಎಲೆ ಮರೆಯಾಗಿ, ಕಾಯಿ ಕಿಟಕಿಗೆ ಕಾಣುವ ಹಾಗೆ. ಆಮೇಲೆ ನಿಂತು ಕೂಗಿದರು: "ಲೇ! ಬಾರೇ ಇಲ್ಲಿ, ಕಿಟಕಿಗೆ ಬಾ! ನೋಡು!"

ಕಿಟಕಿಯಲ್ಲಿ ಟೈಲರಮ್ಮನ ಮುಖ ಕಾಣಿಸಿತು. ಸ್ವಲ್ಪ ಹೊತ್ತು ನೋಡಿದರು. "ಅರೆ, ಹೌದಲ್ರೀ. ಚೆನ್ನಾಗಿದೆ" ಅಂದರು.

ಮರುದಿನ ಕೊಯ್ದು ತಂದುಕೊಟ್ಟರು, ಆಕೆ ಬೇಯಿಸಿದರು, ಇಬ್ಬರೂ ತಿಂದರು. "ನಮ್ಮ ತೋಟದ ರುಚಿಯೇ ಬೇರೆ" ಅಂತ ಕಂಡಕ್ಟರು ಬಾಯಿ ತಪ್ಪಿ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಟೈಲರಮ್ಮ ಹೂಂ ಅಂದರು. ಕೆಲವು ದಿನ ಬಿಟ್ಟು ಇನ್ನೊಂದು ಕಟ್ಟಿದರು. ಈಗ ಧೈರ್ಯ ಬಂದಿತ್ತು. ತೊಟ್ಟಿಗೆ ದಾರ ಎರಡು ಸುತ್ತು ಸುತ್ತಿ, ಡಿಪೋದಲ್ಲಿ ಟಿಕೆಟ್ ಕಟ್ಟುಗಳಿಗೆ ಹಾಕುತ್ತಿದ್ದ ಗಂಟು ಹಾಕಿದರು, ದಾರದ ತುದಿ ನೇತಾಡಿದರೂ ಕತ್ತರಿಸುವ ಗೋಜಿಗೆ ಹೋಗಲಿಲ್ಲ. ಯಾರು ಹತ್ತಿರ ಬಂದು ನೋಡುತ್ತಾರೆ? ಮಹಾರಾಣಿ ತೋಟಕ್ಕೆ ಕಾಲಿಡುವವಳಲ್ಲವಲ್ಲ. ಅವರ ಮೋಸವೆಲ್ಲ ನಿಂತಿದ್ದದ್ದು ಆ ಒಂದು ನಂಬಿಕೆಯ ಮೇಲೆ.

ಮೂರನೇ ಕಾಯಿ ಕಟ್ಟಿದ ದಿನ ಕಂಡಕ್ಟರು ಬೇಕರಿಯಿಂದ ಬೂದಿ ಬಕೆಟ್ಟು ಹಿಡಿದು ವಾಪಸಾದರು. ಮನೆಯೊಳಗೆ ಮಿಷನ್ ಸದ್ದಿಲ್ಲ. ಅಡುಗೆಮನೆಯಲ್ಲಿ ಇಲ್ಲ. ಹಿತ್ತಲಿಗೆ ಬಂದರೆ ಟೈಲರಮ್ಮ ಚಪ್ಪರದ ಕೆಳಗೆ ಬರಿಗಾಲಲ್ಲಿ ನಿಂತಿದ್ದಾರೆ! ಒಂದು ಕೈಯಲ್ಲಿ ಹೀರೇಕಾಯಿ, ಇನ್ನೊಂದು ಕೈಯ ಎರಡು ಬೆರಳ ನಡುವೆ ಹಸಿರು ದಾರದ ತುದಿ.

ಕಂಡಕ್ಟರು ಇಂಗು ತಿಂದ ಮಂಗನ ಹಾಗೆ ನಿಂತರು.

"ಈ ದಾರ ನನ್ನ ಡಬ್ಬೀದು," ಅಂದರು ಟೈಲರಮ್ಮ. "ಈ ಗಂಟು ನಿಮ್ಮ ಡಿಪೋದ್ದು. ಕಾಯಿ ಯಾರ್ದು ರೀ?"

"ಅದು... ಗಾಳಿಗೆ ಬೀಳ್ಬಾರ್ದು ಅಂತ ಸ್ವಲ್ಪ ಆಸರೆಗೆ..."

"ಹೋಲ್ಡಾನ್," ಅಂದರು ಟೈಲರಮ್ಮ.

ಅಂದದ್ದೇ ತಡ, ಆಕೆಗೆ ನಗು ಬಂತು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ಬಗ್ಗಿ ಬಗ್ಗಿ ನಗು. ಹೀಗೆ ನಕ್ಕರೆ ಊರಿನಲ್ಲಿ ಕೆಮ್ಮು ಹತ್ತಿಕೊಂಡು ಮುಖ ನೀಲಿಯಾಗುತ್ತಿತ್ತು. ಕಂಡಕ್ಟರು ಬೂದಿ ಬಕೆಟ್ಟನ್ನು ಅಲ್ಲೇ ಎಸೆದು ಒಳಗೋಡಿ ಉಸಿರಿನ ಪಂಪು ತಂದರು. ತಂದು ನೋಡಿದರೆ ಆಕೆ ಆರಾಮಾಗಿ ಮೆಟ್ಟಿಲ ಮೇಲೆ ಕೂತು ಕಣ್ಣೀರು ಒರೆಸಿಕೊಳ್ಳುತ್ತಿದ್ದಾರೆ, ಇನ್ನೂ ನಗುತ್ತಲೇ ಇದ್ದಾರೆ.

"ಮೊದಲ ಕಾಯಿಗೇ ಗೊತ್ತಾಗಿತ್ತು," ಅಂದರು. "ನೆನ್ನೆ ಹೂ ಉದುರಿಸಿದ ಬಳ್ಳಿ ಇವತ್ತು ಮೊಳದುದ್ದ ಕಾಯಿ ಬಿಡುತ್ತಾ? ನಾನು ಕಿಟಕೀಲಿ ನಿಂತಿರೋಳು, ಕುರುಡಿ ಅಲ್ಲ."

"ಮತ್ಯಾಕೆ ಸುಮ್ನಿದ್ದೆ?"

"ಹೆಂಡತೀನ ಉಳಿಸ್ಕೊಳ್ಳೋಕೆ ಕಾಯಿ ಕಟ್ಟೋ ಗಂಡನ್ನ ಬೈಯೋದಾದ್ರೂ ಹೇಗ್ರೀ?" ಅಂದವರು ಎದ್ದರು. "ಬನ್ನಿ, ಒಂದು ತೋರಿಸ್ತೀನಿ. ನೀವು ಬೇಕರಿಗೆ ಹೋದಾಗೆಲ್ಲ ನಾನಿಲ್ಲಿ ಒಂದು ಸುತ್ತು ಹಾಕ್ತಿದ್ದೆ."

ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲಿ ಒಂದು ಗುಣಿ. ಹಿಂದೆ ಇದ್ದವರು ಬಟ್ಟೆ ಒಣಹಾಕುವ ಕಂಬ ಕಿತ್ತ ಜಾಗ. ತರಕಾರಿ ತೊಳೆದ ನೀರನ್ನು ಟೈಲರಮ್ಮ ಅಲ್ಲೇ ಚೆಲ್ಲುತ್ತಿದ್ದರು. ಗಾಳಿ ತಂದ ಒಣ ಎಲೆ, ಹುಲ್ಲುಕಡ್ಡಿ ಎಲ್ಲ ಅದರೊಳಗೆ ತುಂಬಿಕೊಂಡಿತ್ತು. ಅದರ ಮಧ್ಯದಿಂದ, ಯಾರೂ ನೆಡದ, ಯಾರೂ ಕೇಳದ ಒಂದು ಟೊಮೇಟೊ ಗಿಡ, ಕಡುಹಸಿರು ಎಲೆ ಬಿಟ್ಟುಕೊಂಡು ಮೇಲೆದ್ದಿತ್ತು.

"ಇದಕ್ಕೆ ನೀವು ದಿಬ್ಬ ಕಟ್ಟಿಲ್ಲ, ಬೂದಿ ಹಾಕಿಲ್ಲ," ಅಂದರು ಟೈಲರಮ್ಮ. "ಅಲ್ಲಿ ನೀರು ಜಾಸ್ತಿ, ಗಿಡಾನ ಎತ್ತಿ ಕೂರಿಸ್ತಿದ್ರಿ. ಇಲ್ಲಿ ಗಾಳಿ ಜಾಸ್ತಿ, ಇಳಿಸಿ ಕೂರಿಸ್ಬೇಕೇನೋ. ಅಲ್ಲಿ ಅಳತೆ ತಗೊಂಡು ಇಲ್ಲಿ ಅಂಗಿ ಹೊಲಿದ್ರೆ ಹೇಗ್ರೀ ಆಗುತ್ತೆ?"

ಕಂಡಕ್ಟರು ಗುಣಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಎಲೆಗಳನ್ನು ಸರಿಸಿ ಬೆರಳು ತೂರಿಸಿದರು. ಆ ಇಟ್ಟಿಗೆಯಂಥ ಮಣ್ಣು ಒಳಗೆ ತಣ್ಣಗೆ, ಮೆತ್ತಗೆ ಇತ್ತು. ಅವರ ಮುಖ ಕೆಂಪಾಯಿತು. ಆಮೇಲೆ ಒಮ್ಮೆಲೇ, ಎಷ್ಟೋ ದಿನದ ಮೇಲೆ, ಗಂಟಲು ಬಿಚ್ಚಿ ಕೂಗಿದರು: "ರೈಟ್ ರೈಟ್! ಗುಂಡಿ ತೋಡೋಣ! ಈಗ್ಲೇ ತೋಡೋಣ! ಅದ್ರೊಳಗೆ ನಮ್ಮೂರ ಮಣ್ಣು ಹಾಕೋಣ. ಇನ್ನೊಂದು ಚೀಲ ಇದ್ಯಲ್ಲ!"

ಓಡಿ ಹೋಗಿ ಮೂಲೆಯ ಚೀಲವನ್ನು ಎಳೆತಂದರು. ಪ್ಲಾಸ್ಟಿಕ್ ಬಿಚ್ಚಿದರು, ಹಗ್ಗ ಎಳೆದರು, ಬಾಯಿ ಅಗಲಿಸಿ, "ವಾಸನೆ ನೋಡೇ! ನಮ್ಮ ಹಿತ್ತಲೇ ಬಂತು!" ಅಂತ ಹೆಂಡತಿಯ ಮುಂದೆ ಹಿಡಿದರು. ಒದ್ದೆಯಲ್ಲೇ ಇಷ್ಟು ದಿನ ಬೆಂದ ಮಣ್ಣು, ಕೊಳೆತ ಎಲೆ, ಬಿಳಿ ಬೂಷ್ಟು. ಮಳೆಗಾಲದ ಆ ಮುಗ್ಗಲು ವಾಸನೆ ಗಪ್ಪನೆ ಎದ್ದಿತು.

ಟೈಲರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ಹೆಜ್ಜೆ. ಕೈ ಕುತ್ತಿಗೆಗೆ ಹೋಯಿತು. ಈ ಊರಿಗೆ ಬಂದ ಮೇಲೆ ಒಂದು ದಿನವೂ ಕೇಳದಿದ್ದ ಆ ಸಿಳ್ಳೆ ಎದೆಯೊಳಗಿಂದ ಹೊರಟಿತು.

ಪಂಪು ಕಂಡಕ್ಟರ ಜೇಬಿನಲ್ಲೇ ಇತ್ತು, ಪುಣ್ಯ. ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ, ಕೂರಿಸಿ, ಬೆನ್ನು ಸವರುತ್ತಾ ಕೂತರು. ಸಿಳ್ಳೆ ನಿಧಾನವಾಗಿ ಇಳಿಯಿತು. ಅದು ಇಳಿಯುತ್ತಾ ಇಳಿಯುತ್ತಾ ಕಂಡಕ್ಟರಿಗೆ ಒಂದೊಂದೇ ಅರ್ಥವಾಗುತ್ತಾ ಹೋಯಿತು. ಹಿಂಬಾಗಿಲಲ್ಲಿ ನಿಂತು ಬುಟ್ಟಿ ಇಸಿದುಕೊಳ್ಳುತ್ತಿದ್ದದ್ದು. ತೋಟದಿಂದ ಬಂದ ಗಂಡನಿಗೆ ಮೊದಲು ಸ್ನಾನ ಮಾಡಿ ಅನ್ನುತ್ತಿದ್ದದ್ದು. ಮದುವೆಯಾದ ಹೊಸದರಲ್ಲಿ ತೋಟ ನೋಡಲು ಬಂದ ದಿನಗಳಲ್ಲೆಲ್ಲ ಸಂಜೆಗೆ ಶೀತ ಅಂತ ಮುಸುಕು ಹಾಕಿ ಮಲಗುತ್ತಿದ್ದದ್ದು.

"ನಿನ್ನ ಉಸಿರು ಕಟ್ಟಿಸಿದ್ದು ಗೋಡೆ ಪಾಚಿ ಅಲ್ಲ, ಅಲ್ವೇನೇ?" ಅಂದರು. "ಬರೀ ಗೋಡೆ ಅಲ್ಲ. ನನ್ನ ತೋಟ."

ಟೈಲರಮ್ಮ ಹೌದೆಂದು ತಲೆಯಾಡಿಸಿದರು.

"ಯಾಕೇ ಹೇಳ್ಲಿಲ್ಲ? ಕೆಸರು ಆಗಲ್ಲ ಅಂದ್ಯಲ್ಲ. ನಾನು ಮಹಾರಾಣಿ ಅಂತ ಆಡ್ಕೊಂಡು ಆಡ್ಕೊಂಡು..."

"ಹೇಳಿದ್ರೆ ಮಾರನೇ ದಿನವೇ ಎಲ್ಲಾ ಕಿತ್ತಾಕ್ತಿದ್ರಿ," ಅಂದರು ಟೈಲರಮ್ಮ. "ನಂಗ್ಗೊತ್ತಿಲ್ವಾ ನಿಮ್ಮನ್ನ? ಇಡೀ ದಿನ ಬಸ್ಸಲ್ಲಿ ಜನರ ಕೈಲಿ ಬೈಸ್ಕೊಂಡು ಬಂದು, ಆ ಗಿಡದ ಮುಂದೆ ನಿಂತ್ರೆ ನಿಮ್ಮ ಮುಖ ಹೇಗಾಗ್ತಿತ್ತು ಅಂತ ನಾನು ಕಿಟಕಿಯಿಂದ ನೋಡ್ತಿದ್ದೆ. ಅದನ್ನ ನಾನು ಕಿತ್ತಾಕೋದಾ?"

ಕಂಡಕ್ಟರಿಗೆ ಅಳು ತಡೆಯಲಾಗಲಿಲ್ಲ. ಅತ್ತರು. ಟಿಕೆಟ್ ಇಲ್ಲದೆ ಹತ್ತಿದವರ ಮೇಲೆ ಗುಡುಗುತ್ತಿದ್ದ ಮನುಷ್ಯ ಹೆಂಡತಿಯ ಮಂಡಿಯ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತರು. ನನ್ನ ಕಣ್ಣಿಗೆ ಅದರಲ್ಲಿ ನಾಚಿಕೆಯ ವಿಷಯ ಏನೂ ಇಲ್ಲ.

ಅಳು ಮುಗಿದ ಮೇಲೆ ಎದ್ದು ಹೊರಗೆ ಹೋದರು. ಆ ಚೀಲದ ಬಾಯನ್ನು ಬಿಗಿಯಾಗಿ ಕಟ್ಟಿ ಹೆಗಲಿಗೇರಿಸಿದರು. ಲಾರಿಯಲ್ಲಿ ಮನುಷ್ಯರ ಸೀಟಿನಲ್ಲಿ ಕೂರಿಸಿ ತಂದಿದ್ದ ಮಣ್ಣು ಅದು. ರಸ್ತೆ ಉದ್ದಕ್ಕೂ ನಡೆದು, ಬೇಕರಿಯನ್ನೂ ದಾಟಿ, ಮನೆಗಳೆಲ್ಲ ಮುಗಿದು ಬಯಲು ಶುರುವಾಗುವಲ್ಲಿ ಚೀಲವನ್ನು ತಲೆಕೆಳಗು ಮಾಡಿದರು. ಕೆಂಪು ಮಣ್ಣು ಕಪ್ಪು ನೆಲದ ಮೇಲೆ ಗುಪ್ಪೆಯಾಗಿ ಬಿತ್ತು. ಒಂದು ಹಿಡಿಯನ್ನೂ ಜೇಬಿಗೆ ಹಾಕಿಕೊಳ್ಳಲಿಲ್ಲ. ವಾಪಸ್ ಬಂದು, ಸ್ನಾನ ಮಾಡಿ, ಬೇರೆ ಅಂಗಿ ಹಾಕಿಕೊಂಡು, ಫೋನ್ ಎತ್ತಿದರು.

"ಏನಪ್ಪಾ, ನಾನು ನಿನ್ ಭಾವ. ಆ ಮನೆ ಕೇಳ್ತಿದ್ದೋರಿಗೆ ಕೊಟ್ಬಿಡು. ಹ್ಞೂಂ, ಕೊಟ್ಬಿಡು."

"ರೀ, ಮಾತಂದ್ರೆ ಮಾತು," ಅಂದರು ಒಳಗಿನಿಂದ ಟೈಲರಮ್ಮ. "ತೋಟ ಇನ್ನೂ ಬಂದಿಲ್ಲ."

"ತೋಟ ಹಾಳಾಗ್ಲಿ ಬಿಡೇ," ಅಂದರು ಕಂಡಕ್ಟರು. "ತೋಟಕ್ಕೆ ನೀನು ಬಂದ್ಯಲ್ಲ. ಅಷ್ಟು ಸಾಕು ನಂಗೆ."

ಆಮೇಲಿನದು ಕೆಲಸದ ಕಥೆ. ದಿಬ್ಬಗಳನ್ನೆಲ್ಲ ಒಡೆದರು. ಗಡಿಗೆಯಷ್ಟಗಲದ ಗುಂಡಿ ತೋಡಿ, ಒಣ ಎಲೆ ತುಂಬಿ, ಅದೇ ಕಪ್ಪು ಮಣ್ಣನ್ನು ಪುಡಿಮಾಡಿ ಹಾಕಿ, ಬೀಜವನ್ನು ನೆಲದ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಇಟ್ಟರು. ಬೇಕರಿಯವನ ಬೂದಿಗೆ ದೂರದಿಂದಲೇ ಕೈಮುಗಿದರು. ಟೈಲರಮ್ಮ ದಿನಾ ಬೆಳಿಗ್ಗೆ ಬರಿಗಾಲಲ್ಲಿ ಬಂದು ಮಣ್ಣು ಮುಟ್ಟಿ ನೋಡಿ, ಅಂಟಿದರೆ ನೀರು ಬೇಡ, ಉದುರಿದರೆ ಬೇಕು ಅಂತ ಅಪ್ಪಣೆ ಕೊಡುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಎಳೆ ಸಸಿಗಳು ತಲೆ ಬಾಗಿಸಿದಾಗ ಆಕೆಗೇ ಹೊಳೆಯಿತು: ಊರಿನಿಂದ ಬಂದ ಛತ್ರಿಗಳು ಅಟ್ಟದ ಮೇಲೆ ದಂಡಕ್ಕೆ ಬಿದ್ದಿವೆಯಲ್ಲ! ಒಂದೊಂದು ಗುಂಡಿಗೆ ಒಂದೊಂದು ಛತ್ರಿ ಬಿಚ್ಚಿ ನೆಟ್ಟರು. ಮಳೆಯೇ ಇಲ್ಲದ ಊರಿನಲ್ಲಿ ಹಿತ್ತಲ ತುಂಬ ಕಪ್ಪು ಛತ್ರಿ! ಬೀದಿಯವರು ಗೋಡೆ ಮೇಲಿಂದ ಇಣುಕಿ ನಕ್ಕರು. ತರಕಾರಿ ಅಂಗಡಿಯ ಹೆಂಗಸಂತೂ, "ಅಣ್ಣ, ಮೋಡಕ್ಕೆ ಹೇಳಿ ಕಳಿಸಿದ್ದೀರಾ?" ಅಂತ ಕೇಳಿದರು. "ಬರುತ್ತೆ ಕಣಮ್ಮ, ಮುಂದಿನ ಸ್ಟಾಪಲ್ಲಿದೆ" ಅಂದರು ಕಂಡಕ್ಟರು. ಬಾಯಿಯ ಬೀಗ ಪೂರ್ತಿ ಬಿಚ್ಚಿತ್ತು.

ಬಿಸಿಗಾಳಿ ಇಳಿದು ಹವೆ ಸ್ವಲ್ಪ ತಣ್ಣಗಾದ ಮೇಲೆ ಗುಂಡಿಯಲ್ಲಿ ಹುಟ್ಟಿದ ಹೊಸ ಹೀರೇ ಬಳ್ಳಿ ಕಾಯಿ ಬಿಟ್ಟಿತು. ಅಬ್ಬಬ್ಬಾ ಅನ್ನುವಂಥ ಕಾಯೇನಲ್ಲ. ಗೇಣುದ್ದ, ಅದೂ ಸೊಟ್ಟ. ಊರಿನಲ್ಲಾಗಿದ್ದರೆ ಕಂಡಕ್ಟರು ಅದನ್ನು ಹಸುವಿಗೆ ಹಾಕುತ್ತಿದ್ದರು. ಇಲ್ಲಿ ಅದರ ಮುಂದೆ ಕೈಕಟ್ಟಿಕೊಂಡು ನಿಂತಿದ್ದರು. ಟೈಲರಮ್ಮ ಬಂದು, ಗಂಡನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ತೊಟ್ಟನ್ನು ಸುತ್ತಲೂ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಸಲ ಮೆಲ್ಲಗೆ ಜಗ್ಗಿದರು.

"ದಾರ ಇಲ್ಲ," ಅಂದರು.

"ಸಾಕು ಮಾಡೇ ನಿನ್ನ ಚೆಕಿಂಗು."

ಆಕೆ ನಗುತ್ತಾ ಬಳ್ಳಿಯ ಬುಡಕ್ಕೆ ಕೂತರು. ಆಗ ತಾನೇ ನೀರು ಕುಡಿದ ಗುಂಡಿಯಿಂದ ಒಂದು ಹಿಡಿ ಕಪ್ಪು ಮಣ್ಣು ತೆಗೆದುಕೊಂಡರು. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದು, ಆಮೇಲೆ ಮುಖದ ಹತ್ತಿರ ತಂದರು.

"ಲೇ, ಬೇಡ ಕಣೇ!" ಕಂಡಕ್ಟರ ಕೈ ಜೇಬಿನ ಪಂಪಿಗೆ ಹೋಯಿತು.

ಟೈಲರಮ್ಮ ಕಣ್ಣು ಮುಚ್ಚಿ, ಎದೆ ತುಂಬ, ನಿಧಾನವಾಗಿ ಉಸಿರೆಳೆದುಕೊಂಡರು. ಕಂಡಕ್ಟರು ಸಿಳ್ಳೆಗಾಗಿ ಕಿವಿಗೊಟ್ಟು ನಿಂತರು. ತಮ್ಮ ಉಸಿರು ನಿಂತಿರುವುದು ಅವರಿಗೇ ಗೊತ್ತಿರಲಿಲ್ಲ. ಆಕೆ ಉಸಿರು ಬಿಟ್ಟರು. ಇನ್ನೊಂದು ಸಲ ಎಳೆದುಕೊಂಡರು, ಬಿಟ್ಟರು. ಏನೂ ಆಗಲಿಲ್ಲ.

"ಮಣ್ಣಿನ ವಾಸನೆ ಇಷ್ಟು ಚೆನ್ನಾಗಿರುತ್ತಾ ರೀ?" ಅಂದರು ಕಣ್ಣು ಬಿಟ್ಟು. ಗಂಡನ ಮುಖ ನೋಡಿದರು, ಕೈಯಲ್ಲಿದ್ದ ಪಂಪು ನೋಡಿದರು. "ರೈಟ್ ರೈಟ್" ಅಂದರು.

ಕಂಡಕ್ಟರು ಪಂಪನ್ನು ಜೇಬಿಗಿಳಿಸಿ ಹೀರೇಕಾಯಿ ಕೊಯ್ದರು.